ಓಂಕಾರಪ್ಪನ ಕೆಂಪು ಚೀಟಿ

ಹದಿನಾಲ್ಕು ವರ್ಷದ ತಪಾಸಣೆಯ ನೌಕರಿಯಲ್ಲಿ ಓಂಕಾರಪ್ಪನ ಕಣ್ಣು ತಪ್ಪಿಸಿ ಒಂದೇ ಒಂದು ಕೆಟ್ಟ ಲೋಹದ ಎರಕವೂ ಕಾರ್ಖಾನೆಯ ಗೇಟು ದಾಟಿರಲಿಲ್ಲ. ಅಂಥವನ ಮನೆಯಲ್ಲೇ, ಅವನ ಸ್ವಂತ ಮಗ, ನಾಲ್ಕು ತಿಂಗಳ ಕೂಸು, ದಿನಕ್ಕೆ ಎರಡು ಹೊತ್ತು ಕಾಲು ಮಡಚಿಕೊಂಡು, ಮುಖವನ್ನು ಬದನೆಕಾಯಿ ಬಣ್ಣಕ್ಕೆ ತಿರುಗಿಸಿಕೊಂಡು ಸೈರನ್ನಿನಂತೆ ಅಳುತ್ತಿತ್ತು. ಚಿನ್ನದ ಗಣಿ ಮುಚ್ಚಿದ ಮೇಲೆ ನಂದಿದುರ್ಗದ ಆ ಗಣಿ ಕಾರ್ಮಿಕರ ಸಾಲುಮನೆಗಳವರು ಪಾಳಿಯ ಸೈರನ್ ಕೇಳಿ ಎಷ್ಟೋ ವರ್ಷವಾಗಿತ್ತು. ಈಗ ಬೆಳಿಗ್ಗೆ ಆರೂವರೆಗೊಂದು, ಸಂಜೆ ಆರೂವರೆಗೊಂದು ತಪ್ಪದೆ ಕೇಳಿಸತೊಡಗಿತು. ಎದುರುಮನೆಯ ಕೋದಂಡಪ್ಪನವರು, ಗಣಿಯಲ್ಲಿ ದುಡಿದು ನಿವೃತ್ತರಾದವರು, ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಮಗುವಿನ ಹೆಸರು ಅನಿರುದ್ಧ, ಅಂದರೆ ತಡೆಯಿಲ್ಲದವನು. (ಹುಡುಕಿ ಇಟ್ಟವನು ಓಂಕಾರಪ್ಪನೇ. ಆ ಹೆಸರು ಸದ್ಯಕ್ಕೆ ಸಾರ್ಥಕವಾಗಿದ್ದುದು ಅಳುವಿನ ವಿಭಾಗದಲ್ಲಿ ಮಾತ್ರ.) ಹೆರಿಗೆಯಾದ ವಾರದಲ್ಲೇ ಹೆಂಡತಿ ಭಾರ್ಗವಿಗೆ ಜ್ವರ ಹಿಡಿದು, ಔಷಧಿಯ ಮೇಲೆ ಔಷಧಿಯಾಗಿ, ಎದೆಹಾಲು ನಿಂತುಹೋಗಿತ್ತು. ಅಂದಿನಿಂದ ಅನಿರುದ್ಧನಿಗೆ ಡಬ್ಬಿಯ ಪುಡಿಹಾಲು. ಮೂರು ತಿಂಗಳು ಅದನ್ನೇ ಕುಡಿದು ಗುಂಡುಗುಂಡಾಗಿ ಬೆಳೆದವನು ಮೂರು ವಾರದಿಂದ ಹೀಗಾಗಿದ್ದ.

ಮೂರು ವಾರದ ಹಿಂದೆ ಮನೆಯಲ್ಲಿ ಎರಡು ಬದಲಾವಣೆಗಳಾಗಿದ್ದವು. ರಜೆ ಮುಗಿದು ಭಾರ್ಗವಿ ರಾಬರ್ಟ್‌ಸನ್‌ಪೇಟೆಯ ಶಾಲೆಗೆ ಪಾಠ ಹೇಳಲು ಹೊರಟಿದ್ದರಿಂದ, ಮಗುವನ್ನು ನೋಡಿಕೊಳ್ಳಲು ಅವಳ ತಾಯಿ ಕೆಂಪಮ್ಮ ಬೂದಿಕೋಟೆಯಿಂದ ಚೀಲ ಹಿಡಿದು ಬಂದರು. ಅದು ಒಂದು. ಇನ್ನೊಂದು, ಓಂಕಾರಪ್ಪನಿಗೆ ಪಾಳಿಯ ಕಾಟ ತಪ್ಪಿ ಜನರಲ್ ಶಿಫ್ಟ್ ಸಿಕ್ಕಿತು. ಆ ಸಂತೋಷದಲ್ಲಿ ಅವನು ಬೆಳಗಿನ ಬಾಟಲಿ, ಸಂಜೆಯ ಬಾಟಲಿ ಮತ್ತು ಭಾನುವಾರದ ಸಮಸ್ತ ಬಾಟಲಿಗಳು ಇನ್ನು ಮುಂದೆ ತನ್ನ ಹೊಣೆ ಎಂದು ಘೋಷಿಸಿದ. ಇವೆರಡರಲ್ಲಿ ಅವನ ಸಂಶಯ ಯಾವುದರ ಮೇಲೆ ಹೋಯಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಅತ್ತೆ ಇರುವಾಗ ಅಳಿಯನಾದವನು ಬೇರೆ ಕಡೆ ಹುಡುಕುವುದಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕು. ಮಗು ಅತ್ತರೆ ಓಂಕಾರಪ್ಪ ಊಟ ಬಿಟ್ಟು ಎದ್ದು ಬರುತ್ತಿದ್ದ. ಬಾಟಲಿ ಕೈಯಲ್ಲಿ ಹಿಡಿದು, ಏನು ಮಾಡಬೇಕೆಂದು ತೋಚದೆ, ಎಷ್ಟೋ ಸಲ ಅವನೂ ಕಣ್ಣೊರೆಸಿಕೊಂಡಿದ್ದ. (ಕೇಳಿದರೆ ಗಣಿಯ ಹಿಟ್ಟುಮಣ್ಣು ಸುರಿದ ಸೈನೈಡ್ ದಿಬ್ಬದ ಧೂಳು ಎನ್ನುತ್ತಿದ್ದ.) ಫೋನಿನಲ್ಲಿ ಮೂರು ದಿನ ಓದಿ ಓದಿ, ಕೊನೆಗೆ ಒಂದು ತೀರ್ಮಾನಕ್ಕೆ ಬಂದು, ಉಪ್ಪಿಟ್ಟು ತಿನ್ನುತ್ತಿದ್ದ ಹೆಂಡತಿಗೆ ಅದನ್ನು ಪ್ರಕಟಿಸಿದ.

"ಇವನಿಗೆ ಹಾಲು ಒಗ್ಗವಲ್ದು."

"ಮೂರು ತಿಂಗಳು ಒಗ್ಗಿತ್ತಲ್ಲ?"

"ಆಗ ಅವನಿಗೆ ಗೊತ್ತಾಗಿರ್ಲಿಲ್ಲ," ಎಂದ ಓಂಕಾರಪ್ಪ.

ಬಂಗಾರಪೇಟೆಯ ಮಕ್ಕಳ ಡಾಕ್ಟರು ಅಂಬಿಕ ಮಗುವಿನ ಹೊಟ್ಟೆ ಒತ್ತಿ, ತೂಕ ನೋಡಿ, ಮೈಮೇಲೆ ಗುಳ್ಳೆಗಳಿವೆಯೇ ಎಂದು ಹುಡುಕಿ, ಹತ್ತೆಂಟು ಪ್ರಶ್ನೆ ಕೇಳಿದರು. ಹಾಲು ಒಗ್ಗದೆ ಇರಬಹುದು, ಇಲ್ಲದೆಯೂ ಇರಬಹುದು ಎಂದರು. ಓಂಕಾರಪ್ಪನ ಕಿವಿಗೆ ಆ ಮಾತಿನ ಮೊದಲರ್ಧ ಮಾತ್ರ ಬಿತ್ತು.

"ಹತ್ತು ದಿನ ಈ ಬೇರೆ ಪುಡಿ ಕೊಟ್ಟು ನೋಡೋಣ," ಎಂದು ಡಾಕ್ಟರು ಒಂದು ವಿಶೇಷ ಡಬ್ಬಿಯ ಹೆಸರು ಬರೆದರು. "ಡಬ್ಬಿ ಮೇಲೆ ಹೇಗೆ ಹೇಳಿದೆಯೋ ಹಾಗೇ ಕಲಸಿ. ಬೇರೆ ಒಂದು ತೊಟ್ಟೂ ಬಾಯಿಗೆ ಹಾಕ್ಬೇಡಿ. ಮಗು ಯಾವಾಗ ಕುಡೀತು, ಯಾವಾಗ ಅತ್ತಿತು ಅಂತ ಒಂದು ಕಡೆ ಬರೆದಿಡಿ."

ಬರೆದಿಡಿ! ಡಾಕ್ಟರಿಗೆ ತಾವು ಯಾರಿಗೆ ಏನು ಹೇಳುತ್ತಿದ್ದೇವೆಂಬುದು ತಿಳಿದಿರಲಿಲ್ಲ. ವಾಪಸು ಬರುವ ರೈಲು ಕೋರಮಂಡಲ ನಿಲ್ದಾಣ ಮುಟ್ಟುವಷ್ಟರಲ್ಲಿ ಓಂಕಾರಪ್ಪ ಟಿಕೆಟಿನ ಹಿಂದೆ ಏಳು ಕಲಮುಗಳ ಪಟ್ಟಿಯ ನಕ್ಷೆ ತೆಗೆದಾಗಿತ್ತು. ಸಮಯ, ಬಾಟಲಿ ತಯಾರಿಸಿದವರು, ಪ್ರಮಾಣ, ಮಗುವನ್ನು ಎತ್ತಿಕೊಂಡಿದ್ದವರು, ಅಳುವಿನ ಅವಧಿ, ಅಳುವಿನ ತೀವ್ರತೆ, ಷರಾ. ಮರುದಿನ ಅದು ದೊಡ್ಡ ಹಾಳೆಗೇರಿ ಅಡುಗೆಮನೆಯ ಬಾಗಿಲಿಗೆ ಅಂಟಿತು. ಕೆಂಪಮ್ಮನವರಿಗೆ ಅಕ್ಷರ ಬಾರದ್ದರಿಂದ, ಹಗಲಿನ ಮೂರು ಬಾಟಲಿಗಳ ಲೆಕ್ಕಕ್ಕೆ ಭಾರ್ಗವಿ ಒಂದು ಉಪಾಯ ಹೇಳಿಕೊಟ್ಟಳು. ಮಗು ಅತ್ತರೆ ಕುಂಕುಮದ ಬೊಟ್ಟು, ಅಳದಿದ್ದರೆ ಅರಿಶಿನದ ಬೊಟ್ಟು. ಅದು ಎಲ್ಲರಿಗೂ ಸಲೀಸೆನಿಸಿ ಮನೆಮಂದಿಯೆಲ್ಲ ಅದನ್ನೇ ಹಿಡಿದರು.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಹಾಳೆ. ಅದರಲ್ಲಿ ಓಂಕಾರಪ್ಪ ಬರೆದಿದ್ದ: ಮಗುವಿನ ಸಂಕಟಕ್ಕೆ ಮನೆಯವರಲ್ಲಿ ಯಾರೇ ಕಾರಣವೆಂದು ಸಾಬೀತಾದರೂ, ಸದರಿಯವರು ಒಂದು ತಿಂಗಳು ಬಾಟಲಿ ಮುಟ್ಟತಕ್ಕದ್ದಲ್ಲ, ಮಗುವಿನ ಬಟ್ಟೆಗಳನ್ನೆಲ್ಲ ತಾವೇ ಒಗೆಯತಕ್ಕದ್ದು, ಅವರಿಗೆ ಕೆಂಪು ಚೀಟಿ ಕಟ್ಟಲಾಗುವುದು.

ಈ ಕೆಂಪು ಚೀಟಿ ಕಾರ್ಖಾನೆಯದು. ಎರಕ ಕೆಟ್ಟಿದ್ದರೆ ಇನ್‌ಸ್ಪೆಕ್ಟರು ಅದಕ್ಕೊಂದು ಕೆಂಪು ಚೀಟಿಯನ್ನು ತಂತಿಯಲ್ಲಿ ಕಟ್ಟುತ್ತಾನೆ. ಮೇಲೆ ದಪ್ಪ ಅಕ್ಷರದಲ್ಲಿ 'ತಿರಸ್ಕೃತ', ಕೆಳಗೆ ವಸ್ತು, ದೋಷ, ಸಹಿ. ಸಹಿಯಿಲ್ಲದ ಚೀಟಿಗೆ ಬೆಲೆಯಿಲ್ಲ ಎಂಬುದು ಓಂಕಾರಪ್ಪ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ. ಎಸೆಯಲಿಟ್ಟಿದ್ದ ಹಳೆಯ ಚೀಟಿಗಳ ಒಂದು ಕಟ್ಟು ಮನೆಗೆ ಬಂತು. ಮೊದಲ ದಿನವೇ ಮೊಸರಿನ ಗಡಿಗೆಗೊಂದು, ತುಪ್ಪದ ಬಾಟಲಿಗೊಂದು, ಕೆಂಪಮ್ಮ ಬಜೆ ತೇಯುವ ಕಲ್ಲಿಗೊಂದು ಬಿತ್ತು. ಹಾಲು ಹಾಕುವ ಸೊಣ್ಣಪ್ಪನ ಕ್ಯಾನಿಗೂ ಕಟ್ಟಲು ಹೋದಾಗ ಅವನು ಕ್ಯಾನನ್ನು ಹಿಂದಕ್ಕೆಳೆದುಕೊಂಡ.

"ಇದು ನಮ್ಮ ಅಸ ಕೊಟ್ಟ ಆಲು ಸ್ವಾಮಿ, ನಿಮ್ಮ ಫ್ಯಾಕ್ಟ್ರೀದಲ್ಲ," ಎಂದು ಹೇಳಿ, ಹತ್ತು ದಿನ ಆ ಬೀದಿಗೇ ಬರಲಿಲ್ಲ. ಮನೆಯವರು ಕಪ್ಪು ಕಾಫಿ ಕುಡಿದರು.

ಪಕ್ಕದ ಮನೆಯ, ತಮಿಳು ಮನೆಮಾತಿನ ಇಂದ್ರಾಣಿ ಮಗುವಿನ ಕೈಗೆ ಕಟ್ಟಿದ್ದ ಬಜೆಯ ಬಳೆಯೂ ಪಾರಾಗಲಿಲ್ಲ.

"ಎನ್ನ ಸಾರ್ ಇದು? ನಮ್ಮ ಲೈನಲ್ಲಿ ಎಲ್ಲಾ ಮಕ್ಳಿಗೂ ವಸಂಬು, ಅದೇ ಬಜೆ, ಕಟ್ತಾರೆ ಸಾರ್. ಕೊಳಂದೆ ಅದನ್ನ ಚೀಪಿದ್ರೆ ಹೊಟ್ಟೆಗೆ ಒಳ್ಳೇದು."

"ಡಾಕ್ಟರು ಒಂದು ತೊಟ್ಟೂ ಬ್ಯಾಡ ಅಂದಾರ."

"ಇದು ತೊಟ್ಟಾ ಸಾರ್? ಇದು ಬಳೆ!"

ಬಳೆಗೂ ಚೀಟಿ ಬಿತ್ತು. ಮಗುವಿನ ಅಂಗೈಗಿಂತ ಚೀಟಿಯೇ ದೊಡ್ಡದಿತ್ತು.

ಮೂರು ದಿನ ಕಳೆಯಿತು. ಹೊಸ ಪುಡಿ, ಹೊಸ ಪಟ್ಟಿ, ಹಳೆಯ ಅಳು. ಬೆಳಿಗ್ಗೆ ಆರಕ್ಕೆ ಓಂಕಾರಪ್ಪ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಧೂಳು ಬರಬಾರದು, ಯಾರೂ ಮಾತಾಡಿಸಬಾರದು. ಹೆಂಡತಿ ಒಂದು ನಿಮಿಷದಲ್ಲಿ ಕಲಸುವ ಹಾಲಿಗೆ ಅವನಿಗೆ ಹತ್ತು ನಿಮಿಷ ಬೇಕು. ಒಳಗಿನಿಂದ ಟಕ್ ಟಕ್ ಎಂದು ಏನೋ ಸದ್ದು. ಆಮೇಲೆ ಜೇಬಿನಲ್ಲಿ ಸ್ಟೀಲ್ ಸ್ಕೇಲು, ಕೈಯಲ್ಲಿ ಬಾಟಲಿ ಹಿಡಿದು ಪೂಜೆ ಮುಗಿಸಿದ ಅರ್ಚಕನ ಗಾಂಭೀರ್ಯದಲ್ಲಿ ಹೊರಬರುವನು. ಕೆಂಪಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಡಿಸುವರು. ಆರೂವರೆಗೆ ಸರಿಯಾಗಿ ಸೈರನ್. ಕುಂಕುಮ.

ಐದನೆಯ ದಿನ ಓಂಕಾರಪ್ಪ ಪಟ್ಟಿಯ ಮುಂದೆ ನಿಂತು ಅಧ್ಯಯನ ಮಾಡಿದ. 'ಎತ್ತಿಕೊಂಡಿದ್ದವರು' ಕಲಮಿನ ಮೇಲೆ ಅವನ ಬೆರಳು ಇಳಿಯಿತು. ಬೆಳಿಗ್ಗೆ, ಅತ್ತೆ. ಕುಂಕುಮ. ಸಂಜೆ, ಅತ್ತೆ. ಕುಂಕುಮ. 'ತಯಾರಿಸಿದವರು' ಕಲಮನ್ನು ಅವನು ನೋಡಲಿಲ್ಲ. ತಯಾರಿಕೆಯ ಕಡೆ ತಾನೇ ಇರುವಾಗ ಅಲ್ಲಿ ನೋಡುವುದೇನಿದೆ?

"ಹಗಲೆಲ್ಲ ಅಮ್ಮ ಒಬ್ಬಳೇ ಇರ್ತಾಳೆ ಕಣ್ರೀ," ಎಂದಳು ಭಾರ್ಗವಿ. "ಆಗ ಮೂರಕ್ಕೆ ಮೂರೂ ಅರಿಶಿನ."

"ಅದಽ ನಾ ಹೇಳೋದು! ಯಾರೂ ನೋಡೋರಿಲ್ಲದಾಗ ಅರಿಶಿನ, ನಾವಿದ್ದಾಗ ಕುಂಕುಮ. ಹಗಲೊತ್ತು ಎಲ್ಲಿಂದಾರ ತರಿಸಿ ಗುಟ್ಟಾಗಿ ಹಸುವಿನ ಹಾಲು ಕೊಟ್ಟಿರ್ತಾರ. ಅದು ಕೆಲಸ ಶುರು ಮಾಡೋದು ಸಂಜೆಗೆ."

"ಮತ್ತೆ ಬೆಳಿಗ್ಗೇದು?"

"ಅದು ಹಿಂದಿನ ದಿನದ್ದು."

ಎಂಟನೆಯ ದಿನ ಇನ್ನೂ ದೊಡ್ಡ ಸಾಕ್ಷ್ಯ ಸಿಕ್ಕಿತು. ಹತ್ತು ದಿನ ಬರಬೇಕಾಗಿದ್ದ ಡಬ್ಬಿ ಎಂಟನೆಯ ದಿನಕ್ಕೇ ತಳ ಕಂಡಿತು. ಓಂಕಾರಪ್ಪ ಖಾಲಿ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದ, ಅಲ್ಲಾಡಿಸಿದ, ಮೂಸಿದ. ಆಮೇಲೆ ಅತ್ತೆಯ ಮುಂದೆ ಬಂದು ನಿಂತ.

"ನೋಡ್ರಿ ಅತ್ತೆ, ನಾ ಯಾರ ಕಡೀಗೂ ಬೆರಳು ಮಾಡಂಗಿಲ್ಲ," ಎಂದು ಬೆರಳು ಮಾಡಿಕೊಂಡೇ ಹೇಳಿದ. "ಈ ಪುಡಿ ಸ್ವಲ್ಪ ಸಿಹಿ ಇರ್ತದ. ಬಾಯಿ ಚಪಲಕ್ಕ ಒಂದೊಂದು ಚಮಚ ಯಾರಾರ ತಿಂದಿದ್ರ…"

ಕೆಂಪಮ್ಮ ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿದರು. ಆಮೇಲೆ ಮಾತಾಡಿದ್ದು ಬೀದಿಗೆಲ್ಲ ಕೇಳಿಸಿತು.

"ಏನಂದ್ರಿ? ನಾನು ಮೊಗೀನ್ ಪುಡಿ ಕದ್ದು ತಿಂತೀನಾ? ನಾಕು ಮಕ್ಳನ್ನ ಎತ್ತು ಸಾಕಿದೀನಿ ಕಣಪ್ಪೋ, ಒಂದೂ ಇಂಗೆ ಒಟ್ಟೆ ಇಡ್ಕಂಡು ಅಳ್ಲಿಲ್ಲ! ಆಲು ಒಗ್ಗಲ್ಲ, ಆಲು ಒಗ್ಗಲ್ಲ ಅಂತೀರಿ, ಅದೇ ಆಲು ಮದ್ಯಾನ ಕುಡ್ದು ನಗ್ತಾ ಮಲಗ್ತದೆ. ಅದ್ಯಾಕೆ ಅಂತ ಕೇಳಿದೀರಾ? ಭಾರ್ಗವೀ, ನನ್ ಚೀಲ ಎಲ್ಲಿ? ನಾನು ಊರಿಗೆ ಓಯ್ತೀನಿ."

ಭಾರ್ಗವಿಯ ಮುಖ ಬಿಳಿಚಿತು. ಅಮ್ಮ ಹೋದರೆ ಮಗುವನ್ನು ನೋಡುವವರಿಲ್ಲ. ಮಗುವನ್ನು ನೋಡುವವರಿಲ್ಲದಿದ್ದರೆ ಅವಳ ಶಾಲೆ ಮುಗಿಯಿತು. ಎಂಟು ವರ್ಷ ಕಷ್ಟಪಟ್ಟು ಉಳಿಸಿಕೊಂಡ ಕೆಲಸ ಅದು. ಗಂಡನನ್ನು ಅವಳು ನೋಡಿದ ನೋಟಕ್ಕೆ ಓಂಕಾರಪ್ಪ ಡಬ್ಬಿಯ ಮುಚ್ಚಳ ಹಾಕುವುದರಲ್ಲಿ ಮಗ್ನನಾದ.

"ಭಾನುವಾರದವರೆಗೆ ಇರು ಅಮ್ಮ," ಎಂದಳು. "ಡಾಕ್ಟ್ರೇ ಹೇಳ್ಲಿ. ತಪ್ಪು ನಿಂದು ಅಂದ್ರೆ ಆಮೇಲೆ ನಿನ್ನಿಷ್ಟ."

"ಆಯ್ತು. ಚೀಲ ಜತೇಲೇ ತತ್ತೀನಿ. ತಪ್ಪು ನಂದು ಅಂದ್ರೆ ಬಂಗಾರಪೇಟೆಯಿಂದ ಅಂಗೇ ಬೂದಿಕೋಟೆ ಬಸ್ಸು ಅತ್ತೀನಿ. ಯಾರೂ ಬಸ್ ಸ್ಟಾಂಡಿಗೆ ಬರೋದೂ ಬ್ಯಾಡ."

ಹೊಸ ಡಬ್ಬಿ ತಂದ ಓಂಕಾರಪ್ಪ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಹಗಲಿನ ಪುಡಿಯನ್ನು ಮಾತ್ರ ಬೇರೆ ಡಬ್ಬಿಗೆ ಅಳೆದು ಕೊಟ್ಟುಹೋಗುತ್ತಿದ್ದ. ಸಂಜೆ ಅವನು ಬರುವಷ್ಟರಲ್ಲಿ ಆ ಡಬ್ಬಿಯಲ್ಲಿ ದಿನವೂ ಮೂರನೆಯ ಒಂದು ಪಾಲು ಪುಡಿ ಮಿಕ್ಕಿರುತ್ತಿತ್ತು. ಇದು ಅವನಿಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು. (ಕದ್ದವರು ಹೆದರಿ ವಾಪಸು ಹಾಕುತ್ತಿದ್ದಾರೆ ಎಂದು ಷರಾ ಕಲಮಿನಲ್ಲಿ ಬರೆದ.)

ಭಾನುವಾರ ಬೆಳಿಗ್ಗೆ ನಾಲ್ವರೂ ರೈಲು ಹತ್ತಿದರು. ಭಾರ್ಗವಿಯ ಮಡಿಲಲ್ಲಿ ಮಗು, ಕೆಂಪಮ್ಮನವರ ಮಡಿಲಲ್ಲಿ ಚೀಲ, ಓಂಕಾರಪ್ಪನ ಮಡಿಲಲ್ಲಿ ಪಟ್ಟಿಯ ಸುರುಳಿ. ಆರರ ಬಾಟಲಿ ಓಂಕಾರಪ್ಪನದಾದ್ದರಿಂದ ಮಗು ಊರಿಗಾಂ ದಾಟುವವರೆಗೂ ಅತ್ತಿತು. ಬೋಗಿಯಲ್ಲಿದ್ದವರೆಲ್ಲ ಒಂದೊಂದು ಮದ್ದು ಹೇಳಿದರು. ಕೆಂಪಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು.

ಡಾಕ್ಟರ ಮೇಜಿನ ಮೇಲೆ ಓಂಕಾರಪ್ಪ ಪಟ್ಟಿಯನ್ನು ಬಿಚ್ಚಿ, ನಾಲ್ಕು ಮೂಲೆಗೆ ಅವರದೇ ಔಷಧಿ ಬಾಟಲಿಗಳನ್ನಿಟ್ಟು, ಗಂಟಲು ಸರಿಮಾಡಿಕೊಂಡ.

"ಮೇಡಂ, ಪುರಾವೆ ಪೂರ್ತಿ ಅದ. ಮನೆಯೊಳಗ ಯಾರೋ ಮಗೂಗೆ ಹಸುವಿನ ಹಾಲು ಕೊಡ್ತಿದಾರ. ಹೆಸರು ನಾ ಹೇಳಂಗಿಲ್ಲ. ನಾಕನೇ ಕಲಮು ನೋಡ್ರಿ."

ಡಾಕ್ಟರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ನೋಡಿದರು. ನೋಡುತ್ತಾ ಹೋದಂತೆ ಅವರ ಹುಬ್ಬು ಮೇಲೇರಿತು.

"ಎಷ್ಟು ಚೆನ್ನಾಗಿ ಬರೆದಿದೀರಿ! ಇಷ್ಟು ಸ್ಪಷ್ಟವಾಗಿ ಯಾರೂ ತಂದುಕೊಟ್ಟಿಲ್ಲ."

ಓಂಕಾರಪ್ಪ ಹೆಂಡತಿಯ ಕಡೆ ನೋಡಿದ.

"ಕುಂಕುಮ ಅಂದ್ರೆ ಅಳು, ಅರಿಶಿನ ಅಂದ್ರೆ ಸುಮ್ಮನಿತ್ತು, ಅಲ್ವಾ? ಒಂಬತ್ತು, ಹನ್ನೆರಡು, ಮೂರು ಗಂಟೆ: ಅರಿಶಿನ. ರಾತ್ರಿ ಒಂಬತ್ತು, ತಾಯಿ ಕಲಸಿದ್ದು: ಅರಿಶಿನ. ಬೆಳಿಗ್ಗೆ ಆರು, ಸಂಜೆ ಆರು: ಕುಂಕುಮ. ಕಳೆದ ಭಾನುವಾರ ಪೂರ್ತಿ ಕುಂಕುಮ." ಡಾಕ್ಟರು ತಲೆ ಎತ್ತಿದರು. "ಕುಂಕುಮ ಇರೋ ಕಡೆಯೆಲ್ಲ ಎರಡನೇ ಕಲಮಲ್ಲಿ ಒಬ್ಬರೇ ಸಹಿ ಹಾಕಿದಾರಲ್ಲ. ಯಾರಿದು?"

ಓಂಕಾರಪ್ಪ ಬಗ್ಗಿ ಎರಡನೆಯ ಕಲಮನ್ನು ಮೊಟ್ಟಮೊದಲ ಬಾರಿಗೆ ಮೇಲಿಂದ ಕೆಳಗೆ ನೋಡಿದ. ಸಹಿ ಪರಿಚಿತವಾಗಿತ್ತು.

"ಅದು… ತಯಾರಿಕೆ ಮೇಡಂ. ಅದರಾಗ ದೋಷ ಇರಾಕ ಸಾಧ್ಯ ಇಲ್ಲ."

"ಒಂದು ಬಾಟಲಿ ಇಲ್ಲೇ ಮಾಡಿ ತೋರ್ಸಿ," ಎಂದರು ಡಾಕ್ಟರು.

ಇಂಥ ಸವಾಲನ್ನು ಬಿಡುವ ಮನುಷ್ಯನಲ್ಲ ಓಂಕಾರಪ್ಪ. ಕೈ ತೊಳೆದ. ಅಂಗಿ ತೋಳು ಮಡಚಿದ. ಬಿಸಿನೀರನ್ನು ಗೆರೆಯ ಮಟ್ಟಕ್ಕೆ ಕಣ್ಣಿಟ್ಟು ಸರಿಯಾಗಿ ಬಗ್ಗಿಸಿದ. ಡಬ್ಬಿಯ ಅಳತೆ ಚಮಚದಲ್ಲಿ ಪುಡಿ ತುಂಬಿದ. ಅದನ್ನು ಮೇಜಿಗೆ ಟಕ್ ಟಕ್ ಟಕ್ ಎಂದು ಮೂರು ಸಲ ಕುಟ್ಟಿದ. ಪುಡಿ ಕುಸಿಯಿತು. ಕುಸಿದ ಜಾಗಕ್ಕೆ ಇನ್ನಷ್ಟು ತುಂಬಿದ. ಹೆಬ್ಬೆರಳಿನಿಂದ ಅದುಮಿದ. ಮತ್ತೆ ತುಂಬಿದ, ಮತ್ತೆ ಅದುಮಿದ. ಕೊನೆಗೆ ಜೇಬಿನಿಂದ ಸ್ಟೀಲ್ ಸ್ಕೇಲು ತೆಗೆದು, ಚಮಚದ ಬಾಯಿಗೆ ಅಡ್ಡಹಿಡಿದು, ಸರಕ್ಕನೆ ಎಳೆದು ಸಮಮಾಡಿದ. ಚಮಚವನ್ನು ಬಾಟಲಿಗೆ ಬೋರಲು ಹಾಕಿದಾಗ ಪುಡಿ ಉದುರಲಿಲ್ಲ. ಒಂದೇ ಗಟ್ಟಿಯಾಗಿ ಡುಬುಕ್ಕೆಂದು ನೀರಿಗೆ ಬಿತ್ತು. ಹೀಗೆ ನಾಲ್ಕು ಚಮಚ. ಆಮೇಲೆ ಕಾಲು ಅಗಲಿಸಿ ನಿಂತು, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಎರಡು ನಿಮಿಷ ಕುಲುಕಿದ. ಬಾಟಲಿಯ ಕತ್ತಿನವರೆಗೆ ನೊರೆ ಬಂತು.

ಡಾಕ್ಟರು ಆ ಬಾಟಲಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಯಾಕೆ ಅದುಮಿದ್ರಿ?"

"ಗಾಳಿ ಮೇಡಂ. ಪುಡಿ ಸಡಿಲ ಇದ್ರ ನಡುವ ಗಾಳಿ ಇರ್ತದ. ಗಾಳಿ ಹೊಟ್ಟೀಗೆ ಹೋದ್ರ ಗ್ಯಾಸು. ಅದಕ್ಕ ಗಾಳಿ ಪೂರ್ತಿ ತೆಗದು ಕೊಡ್ತೀನಿ."

"ಒಂದೂವರೆ ಪಟ್ಟು ಪುಡಿ ಕೊಡ್ತಿದೀರಿ. ಅದೇ ನೀರಿಗೆ. ದೊಡ್ಡವರಿಗೇ ಆ ಗಟ್ಟಿ ಹಾಲು ಅರಗಲ್ಲ, ಇದು ನಾಲ್ಕು ತಿಂಗಳ ಕೂಸು. ಸಾಲದ್ದಕ್ಕೆ ಈ ನೊರೆ, ಗಾಳಿಯೆಲ್ಲ ಅದರಲ್ಲೇ ಇದೆ." ಡಾಕ್ಟರು ಕೆಂಪಮ್ಮನವರ ಕಡೆ ತಿರುಗಿದರು. "ನೀವು ಹೇಗೆ ಹಾಕ್ತೀರಮ್ಮ?"

"ಡಬ್ಬಿ ಮ್ಯಾಲೆ ಚಿತ್ರ ಐತಲ್ಲ ತಾಯೀ," ಎಂದರು ಕೆಂಪಮ್ಮ. "ಚಮಚ ತಗೋ, ಮ್ಯಾಲೆ ಒಂದ್ ಕಿತ ಸವರು, ಆಕು. ಓದೋಕೆ ಬರಲ್ಲ ನಂಗೆ. ಚಿತ್ರ ನೋಡೋಕೆ ಬತ್ತದೆ."

ಓಂಕಾರಪ್ಪ ಡಬ್ಬಿಯನ್ನು ತಿರುಗಿಸಿದ. ಚಿತ್ರ ಇತ್ತು. ಡಬ್ಬಿಯ ಮೇಲಿನ ಸೂಚನೆಗಳೆಲ್ಲ ಅನುಭವವಿಲ್ಲದವರಿಗೆ ಎಂದು ಅವನು ಆ ಕಡೆ ಕಣ್ಣು ಹಾಯಿಸಿರಲಿಲ್ಲ.

"ನೀವು ಕಾರ್ಖಾನೆಯಲ್ಲಿ ಯಾವ ಕೆಲಸ?" ಎಂದು ಡಾಕ್ಟರು ಕೇಳಿದರು.

"ಎರಕದ ಶಾಪು ಮೇಡಂ. ಇನ್‌ಸ್ಪೆಕ್ಷನ್."

"ನನಗೆ ಗೊತ್ತಿಲ್ಲ, ಕೇಳ್ತೀನಿ. ಅಲ್ಲಿ ಅಚ್ಚಿನ ಮರಳನ್ನ ಹೀಗೆ ಅದುಮಿದ್ರೆ ಏನಾಗುತ್ತೆ?"

ಓಂಕಾರಪ್ಪ ಸ್ಟೀಲ್ ಸ್ಕೇಲನ್ನು ಮೆಲ್ಲಗೆ ಜೇಬಿಗಿಳಿಸಿದ. ಕರಗಿದ ಲೋಹ ಸುರಿಯುವ ಅಚ್ಚಿನ ಮರಳನ್ನು ಅತಿಯಾಗಿ ಅದುಮಿದರೆ ಒಳಗಿನ ಗ್ಯಾಸು ಹೊರಹೋಗಲು ದಾರಿಯಿಲ್ಲದೆ ಎರಕದ ಹೊಟ್ಟೆಯಲ್ಲೇ ಉಳಿಯುತ್ತದೆ. ಹದಿನಾಲ್ಕು ವರ್ಷದಿಂದ ಹೊಸ ಹುಡುಗರಿಗೆ ಇದನ್ನು ಅವನೇ ಗದರಿ ಗದರಿ ಹೇಳಿಕೊಡುತ್ತಿದ್ದ.

ಹಳೆಯ ಡಬ್ಬಿಗೇ ವಾಪಸು ಹೋಗಿ, ಚಿತ್ರದಲ್ಲಿರುವಂತೆ ಕಲಸಿ, ವಾರ ಬಿಟ್ಟು ಬನ್ನಿ, ಆಗಲೂ ಅತ್ತರೆ ಹಾಲಿನ ಮೇಲೆ ಸಂಶಯಪಡೋಣ ಎಂದು ಡಾಕ್ಟರು ಹೇಳಿದರು. ಪಟ್ಟಿಯನ್ನು ತಾವೇ ಇಟ್ಟುಕೊಳ್ಳಬಹುದೇ, ಬೇರೆ ತಂದೆತಾಯಿಗಳಿಗೆ ತೋರಿಸುವುದಕ್ಕಿದೆ ಎಂದೂ ಕೇಳಿದರು. ಓಂಕಾರಪ್ಪ ಕೊಟ್ಟ.

ಹೊರಗೆ ಬಂದಾಗ ಬೂದಿಕೋಟೆಯ ಬಸ್ಸು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಕೆಂಪಮ್ಮ ಅದನ್ನು ನೋಡಿದರು, ಅಳಿಯನನ್ನು ನೋಡಿದರು, ಕೈಯಲ್ಲಿದ್ದ ಚೀಲವನ್ನು ನೋಡಿದರು.

"ಇದನ್ನ ಯಾರು ಓರೋದು?"

ಓಂಕಾರಪ್ಪ ಚೀಲ ತೆಗೆದುಕೊಂಡ. ರೈಲಿನಲ್ಲಿ, ಮಲಗಿದ್ದ ಮಗುವಿನ ಹೊಟ್ಟೆಯ ಮೇಲೆ ಒಂದು ಬೆರಳಿಟ್ಟು, ಯಾರಿಗೂ ಕೇಳದ ಹಾಗೆ ಹೇಳಿದ: "ಒಂದು ತಿಂಗಳು ನಾನಽ ಅಳಿಸಿದೆ ಅಂದಂಗಾತು." ಕೇಳಬಾರದವರಿಗೆ ಅದು ಕೇಳಿಸಿತು.

"ಓಗ್ಲಿ ಬಿಡಿ ಅಳಿಯೋರೇ," ಎಂದರು ಕೆಂಪಮ್ಮ. "ಪ್ರೀತೀಲಿ ಅದುಮಿದ್ರಿ. ಮೊಗ ಅಲ್ವಾ, ತಡ್ಕಂತು." ಸ್ವಲ್ಪ ತಡೆದು ಸೇರಿಸಿದರು: "ಪುಡಿ ಕದ್ದೆ ಅಂದ್ರಲ್ಲ, ಅದು ಮಾತ್ರ ನಾನ್ ಸಾಯೋಗಂಟ ಏಳ್ತೀನಿ."

ಆ ಸಂಜೆ ಆರರ ಬಾಟಲಿಯನ್ನು ಕೆಂಪಮ್ಮ ಕಲಸಿದರು. ಒಂದು ನಿಮಿಷ ಹಿಡಿಯಿತು. ಆರೂವರೆಯಾಯಿತು. ಆರೂಮುಕ್ಕಾಲಾಯಿತು. ಅನಿರುದ್ಧ ತನ್ನ ಕಾಲ್ಬೆರಳು ನೋಡಿಕೊಂಡು ಕೇಕೆ ಹಾಕುತ್ತಿದ್ದ. ಎದುರುಮನೆಯ ಕೋದಂಡಪ್ಪನವರು ಅಂಗಳಕ್ಕೆ ಬಂದು, ಕೈಗಡಿಯಾರವನ್ನು ಕಿವಿಗಿಟ್ಟು, ಅಲ್ಲಾಡಿಸಿ, ಮತ್ತೆ ಕಿವಿಗಿಟ್ಟು ನೋಡಿ ಒಳಗೆ ಹೋದರು.

ಭಾರ್ಗವಿ ಮನೆಯ ತುಂಬ ಓಡಾಡಿ ಗಡಿಗೆ, ಬಾಟಲಿ, ಕಲ್ಲು, ಬಳೆಗಳ ಚೀಟಿಗಳನ್ನೆಲ್ಲ ಬಿಚ್ಚಿದಳು. ಕಟ್ಟಿನಿಂದ ಹೊಸದೊಂದನ್ನು ತೆಗೆದುಕೊಂಡು ಗಂಡನ ಎದುರು ಕೂತು ಪೆನ್ನಿನ ಮುಚ್ಚಳ ತೆಗೆದಳು.

"ವಸ್ತು: ತಂದೆ, ಒಂದು," ಎಂದು ಬರೆದಳು. "ದೋಷ? ಕಾರ್ಖಾನೇಲಿ ಇಂಥದ್ದಕ್ಕೆ ಏನಂತ ಬರೀತೀರಿ?"

ಓಂಕಾರಪ್ಪ ಬಾಗಿಲ ಮೇಲಿನ ತನ್ನದೇ ಕೈಬರಹದ ನಿಯಮವನ್ನು ನೋಡಿದ. 'ಯಾರೇ' ಎಂಬ ಪದದ ಕೆಳಗೆ ಗೆರೆ ಎಳೆದವನೂ ಅವನೇ.

"ಅತಿಯಾಗಿ ಅದುಮಿದ್ದು," ಎಂದ.

ಅವಳು ಬರೆದಳು. ಕೆಂಪಮ್ಮ ಚೀಟಿಯ ತಂತಿಯನ್ನು ಅವನ ಅಂಗಿಯ ಎರಡನೆಯ ಗುಂಡಿಗೆ ಸುತ್ತಿ ಬಿಗಿದರು. ಹಿತ್ತಲಲ್ಲಿ ಒಂದು ಬಕೆಟ್ ತುಂಬ ಮಗುವಿನ ಬಟ್ಟೆ ನೆನೆದಿತ್ತು. ಓಂಕಾರಪ್ಪ ಎದ್ದು ನಾಲ್ಕು ಹೆಜ್ಜೆ ಹೋದವನು ಏನೋ ನೆನಪಾಗಿ ಹಿಂದಿರುಗಿ ಬಂದ. ಹೆಂಡತಿಯ ಕೈಯಿಂದ ಪೆನ್ನು ತೆಗೆದುಕೊಂಡು, ಎದೆಯ ಮೇಲಿನ ಚೀಟಿಯನ್ನು ತಲೆಕೆಳಗಾಗಿ ಹಿಡಿದು, ಕೊನೆಯ ಸಾಲಿನಲ್ಲಿ ಸಹಿ ಹಾಕಿದ.